ಹೆಪಾ ಇಲ್ಲದಿದ್ದರೆ ವ್ಯರ್ಥವೇ?

‘ಹೆಪಾ ಫಿಲ್ಟರ್ ಇಲ್ಲದ ಮನೆ ತಯಾರಿ ಏರ್ ಫಿಲ್ಟರ್ ವ್ಯರ್ಥ’ ಎಂಬ ಲೇಖನದ ಮಾತು ಒಪ್ಪುವಂಥದ್ದಲ್ಲ. ಹೆಪಾ ಎಂದರೆ ಅತಿ ಸಣ್ಣ ಕಣಗಳನ್ನೂ ಹಿಡಿಯುವ ದಟ್ಟ ಫಿಲ್ಟರ್. ಮರಗೆಲಸದ ಕೋಣೆಯಲ್ಲಿ ಅದೇ ಗಾಳಿ ಮತ್ತೆ ಮತ್ತೆ ಫಿಲ್ಟರ್ ಹಾಯುತ್ತದೆ. ಹೆಪಾದಂತೆ ಒಂದೇ ಸಲಕ್ಕೆ ಶೇ 99.97ರಷ್ಟು ಕಣ ಹಿಡಿಯುವುದಕ್ಕಿಂತ ಗಂಟೆಗೆ ಎಷ್ಟು ಗಾಳಿ ಸೋಸುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಸಾಮಾನ್ಯ ಫ್ಯಾನಿಗೆ ಹೆಪಾ ಕಟ್ಟಿ ನೋಡಿ, ಎಳೆಯುವ ದಮ್ಮೇ ಇರುವುದಿಲ್ಲ! 2020ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕೊರ್ಸಿ-ರೋಸೆಂತಾಲ್ ಪೆಟ್ಟಿಗೆ ಗೆದ್ದದ್ದು ಇಲ್ಲೇ: ನಾಲ್ಕು ಬದಿಗೆ ಹೆಪಾದಷ್ಟು ದಟ್ಟವಲ್ಲದ ಮರ್ವ್-13 ದರ್ಜೆಯ ಫಿಲ್ಟರ್, ಮೇಲೆ ಫ್ಯಾನ್. ವಿಸ್ತೀರ್ಣ ಹೆಚ್ಚಿದಷ್ಟೂ ಗಾಳಿಗೆ ತಡೆ ಕಡಿಮೆ. ಅದಕ್ಕೆ ಬಳಸುವ ಚೌಕಾಕಾರದ ಬಾಕ್ಸ್ ಫ್ಯಾನ್ ಸಿಗಲಿಲ್ಲವೆಂದು ಕೈಬಿಡಬೇಕಿಲ್ಲ, ಎಕ್ಸಾಸ್ಟ್ ಫ್ಯಾನ್ ನಡೆಯುತ್ತದೆ. ಫಿಲ್ಟರಿನ ಮೇಲಿನ ಬಾಣ ಒಳಮುಖವಾಗಿರಲಿ, ಸಂದುಗಳಿಗೆ ಟೇಪ್ ಬೀಳಲಿ.

ಲೇಖನ ಮುಟ್ಟದ ವಿಷಯ ಬೇರೆಯೇ ಇದೆ. ಥಿನ್ನರ್, ಪಾಲಿಶ್‌ಗಳ ಆವಿಯನ್ನು ಈ ಪೆಟ್ಟಿಗೆಯಾಗಲಿ ಲೇಖಕರ ಹೆಪಾ ಆಗಲಿ ಹಿಡಿಯುವುದಿಲ್ಲ. ಅದಕ್ಕೆ ಕಿಟಕಿಯೇ ಗತಿ. ಸ್ಪ್ರೇ ಮಾಡುವಾಗಂತೂ ಇದನ್ನು ಆಫ್ ಮಾಡಿಡಿ, ಆವಿಗೆ ಬೆಂಕಿ ಹತ್ತಲು ಸ್ವಿಚ್ಚಿನ ಒಂದು ಕಿಡಿ ಸಾಕು. ಇನ್ನು ಉಜ್ಜುಕಾಗದ ಹಿಡಿದು ಕೂತಾಗ ದೂಳು ಪೆಟ್ಟಿಗೆಗಿಂತ ಮೊದಲು ಮೂಗಿಗೇ ಬರುತ್ತದೆ. ಫಿಲ್ಟರ್ ಇದೆಯೆಂದು ಮಾಸ್ಕ್ ತೆಗೆದಿಡುವ ಲೇಖನದ ಸಲಹೆಯನ್ನು ದಯವಿಟ್ಟು ತಿದ್ದಿ.