ಗದ್ದೆಗೆ ಇಳಿಯದೆ ಬರೆದ ಲೆಕ್ಕ

ಸೊಸೈಟಿಯಲ್ಲಿ 26 ವರ್ಷ ಕಿರ್ದಿ, ಖಾತಾವಹಿ ಬರೆದು ನಿವೃತ್ತನಾದವನು ನಾನು. ಅಡಕೆ ಚೀಲದ ತೂಕದಲ್ಲಿ ಕಾಲು ಕೆಜಿ ತಾಳೆಯಾಗದಿದ್ದರೂ ರಾತ್ರಿ ನಿದ್ದೆ ಹತ್ತದ ಜಾತಿ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಊರಿಗೆ ಬಂದವನು ನನ್ನ ಮೊಬೈಲಿಗೆ ಒಂದು ಪಿಡಿಎಫ್ ಹಾಕಿಕೊಟ್ಟ. "ಮಾವ, ನಿಮಗೆ ಲೆಕ್ಕದ ಹುಚ್ಚು ಅಲ್ವಾ, ಇದು ದೇಶದ ಲೆಕ್ಕ. ಹೊತ್ತು ಹೋಗ್ತದೆ, ಓದಿ" ಅಂದ. ಹವಾಮಾನ ಬದಲಾವಣೆ ಬಗ್ಗೆ ಭಾರತ ಸರ್ಕಾರ ವಿಶ್ವಸಂಸ್ಥೆಗೆ 2024ರ ಡಿಸೆಂಬರ್ 30ರಂದು ಸಲ್ಲಿಸಿದ ವರದಿ ಅದು. ಆರಿದ್ರಾ ಮಳೆ ಜಪ್ಪುತ್ತಿತ್ತು, ಕರೆಂಟು ಹೋಗಿ ಎರಡು ದಿನವಾಗಿತ್ತು, ಮೊಬೈಲಿನಲ್ಲಿ ಮಾತ್ರ ಚಾರ್ಜ್ ಉಳಿದಿತ್ತು. ಓದಿದೆ.

ಇಂಗ್ಲಿಷ್ ಬಿಟ್ಟರೆ ಉಳಿದದ್ದೆಲ್ಲ ನನಗೆ ಪರಿಚಿತವೇ. ಜಮಾ ಇದೆ, ಖರ್ಚು ಇದೆ, ಕೊನೆಗೆ ನಿವ್ವಳ ಇದೆ. 2020ರಲ್ಲಿ ದೇಶ ಗಾಳಿಗೆ ಬಿಟ್ಟ, ಭೂಮಿ ಕಾಯಿಸುವ ಹಸಿರುಮನೆ ಅನಿಲ, ಇಂಗಾಲದ ಡೈಆಕ್ಸೈಡಿನ ತೂಕಕ್ಕೆ ಇಳಿಸಿ ಹೇಳಿದರೆ, 295.9 ಕೋಟಿ ಟನ್. ಅದರಲ್ಲಿ ಮುಕ್ಕಾಲಿಗಿಂತ ತುಸು ಹೆಚ್ಚು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಸುಡುವ ಇಂಧನದ ಖಾತೆಯದು. ಕೃಷಿಯದು ಶೇ. 13.72. ಕಾರ್ಖಾನೆ ಪ್ರಕ್ರಿಯೆಗಳದು ಶೇ. 8.06, ಕಸ ಮತ್ತು ಕೊಳಚೆಯದು ಶೇ. 2.56. ಇನ್ನು ಕಾಡು, ಮರ, ಭೂಮಿ ಹೀರಿಕೊಂಡದ್ದು 52.2 ಕೋಟಿ ಟನ್. ಕಳೆದರೆ ನಿವ್ವಳ 243.7 ಕೋಟಿ. ತಾಳೆಯಾಯಿತು. ಹಾಳೆಯ ಮೇಲೆ ಕೂಡಿ ಕಳೆದು ನೋಡಿದೆ, ಅಭ್ಯಾಸಬಲ.

ಇಷ್ಟು ದೊಡ್ಡ ಸಂಖ್ಯೆ ಬರುವುದು ಹೇಗೆ? ಯಾರೂ ಆಕಾಶಕ್ಕೆ ತಕ್ಕಡಿ ಕಟ್ಟಿಲ್ಲ. ನಾವು ಅಡಕೆಯನ್ನು ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆಬೇರೆ ಮಾಡಿ ತೂಕವನ್ನು ದರದಿಂದ ಗುಣಿಸುವ ಹಾಗೆಯೇ. ದೇಶದಲ್ಲಿ ಹಸು ಎಷ್ಟು, ಒಂದು ಹಸು ವರ್ಷಕ್ಕೆ ಎಷ್ಟು ಮೀಥೇನ್ (ಅದೂ ಹಸಿರುಮನೆ ಅನಿಲವೇ) ತೇಗುತ್ತದೆ, ಗುಣಿಸು. ಗದ್ದೆ ಎಷ್ಟು ಹೆಕ್ಟೇರು, ನೀರು ನಿಂತ ಹೆಕ್ಟೇರಿಗೆ ಎಷ್ಟು ಅನಿಲ, ಗುಣಿಸು. ಸಂಖ್ಯೆ ಕೊಡುವುದು ಜಾನುವಾರು ಗಣತಿ, ಬೆಳೆ ಇಲಾಖೆ. ದರ ಎಲ್ಲಿಂದ ಬರುತ್ತದೆ ಅನ್ನುವುದೇ ಇಡೀ ವಿದ್ಯೆ. ಸ್ವಂತ ಅಳತೆ ಇಲ್ಲದ ದೇಶಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಸಿದ್ಧ ದರ ಇದೆ, ಎತ್ತಿ ಬಳಸಬಹುದು. ಆದರೆ ನಮ್ಮ ಕೊಟ್ಟಿಗೆಯ ಮಲೆನಾಡು ಗಿಡ್ಡವೂ ಪೇಟೆ ಡೈರಿಯ ಹೋಲ್‌ಸ್ಟೀನೂ ಒಂದೇ ದರಕ್ಕೆ ತೇಗುತ್ತವೆಯೇ? ನಮ್ಮ ಗಿಡ್ಡ ತಿನ್ನುವುದೇ ಒಂದು ಹೊರೆ ಹುಲ್ಲು. ಭಾರತದ ಲೆಕ್ಕದಲ್ಲಿ ದೇಸಿ ದನಕ್ಕೆ ಒಂದು ದರ, ಮಿಶ್ರತಳಿಗೆ ಇನ್ನೊಂದು ಅಂತ ಬೇರೆ ಮಾಡಿದ್ದಾರೆ. ಅದನ್ನು ನೋಡಿದ ಮೇಲೆ ನನಗೆ ಆ ವರದಿ ಮೇಲೆ ಗೌರವ ಹುಟ್ಟಿತು.

ಅದಕ್ಕೆ ಹಿಂದಿನ ಕತೆ ಇನ್ನೂ ಚೆನ್ನಾಗಿದೆ. 1990ರ ಹೊತ್ತಿಗೆ ಅಮೆರಿಕದ ಪರಿಸರ ಸಂಸ್ಥೆ ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 3.78 ಕೋಟಿ ಟನ್ ಮೀಥೇನ್ ಬರುತ್ತದೆ ಅಂತ ಅಂದಾಜು ಬರೆದಿತ್ತು. ಅವರ ಕೈಲಿದ್ದದ್ದು ಅಮೆರಿಕ, ಯುರೋಪಿನ ಗದ್ದೆಗಳಲ್ಲಿ ಸಿಕ್ಕ ದರ. ಅದನ್ನೇ ನಮ್ಮ ಹೆಕ್ಟೇರಿಗೆ ಗುಣಿಸಿಬಿಟ್ಟರು. ಅಂದರೆ ಭೂಮಿ ಕಾಯಿಸುವುದರಲ್ಲಿ ಅನ್ನ ಉಣ್ಣುವವನ ಪಾಲೂ ದೊಡ್ಡದು ಅಂತಾಯಿತು. ಆಗ ದೆಹಲಿಯ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯದ ಎ.ಪಿ. ಮಿತ್ರ ಮತ್ತು ಅವರ ಜೊತೆಯವರು 1991ರಲ್ಲಿ ದೇಶದ ಬೇರೆಬೇರೆ ಕಡೆ ಗದ್ದೆಗೇ ಇಳಿದರು. ಪೈರಿನ ಮೇಲೆ ಪಾರದರ್ಶಕ ಡಬ್ಬ ಕವುಚಿ, ಅದರೊಳಗೆ ತುಂಬಿದ ಗಾಳಿಯನ್ನು ಎಳೆದು ಅಳೆದರು. ಸಿಕ್ಕದ್ದು ಸುಮಾರು 40 ಲಕ್ಷ ಟನ್. ಒಂಬತ್ತು ಪಟ್ಟು ವ್ಯತ್ಯಾಸ! ಕಾರಣ ನಮ್ಮ ರೈತರಿಗೆಲ್ಲ ಗೊತ್ತಿರುವಂಥದ್ದೇ. ಗದ್ದೆಯಲ್ಲಿ ನೀರು ಕಟ್ಟಿ ನಿಂತು, ಕೆಸರಿಗೆ ಗಾಳಿಯಾಡದಿದ್ದರೆ ತಾನೆ ಒಳಗಿನ ಸೂಕ್ಷ್ಮಜೀವಿ ಮೀಥೇನ್ ಮಾಡುವುದು, ಅದು ಪೈರಿನ ಕಾಂಡದ ಕೊಳವೆಯಲ್ಲಿ ಮೇಲೇರಿ ಬರುವುದು. ನಮ್ಮ ದೇಶದ ಗದ್ದೆಗಳಲ್ಲಿ ಎಷ್ಟೋ ಪಾಲು ಮಳೆ ನಂಬಿದವು. ನೀರು ಬರುತ್ತದೆ, ಹೋಗುತ್ತದೆ, ನಡುವೆ ನೆಲ ಬಿರಿಯುತ್ತದೆ.

ನಮ್ಮ ಲೆಕ್ಕ ನಾವು ಬರೆಯದಿದ್ದರೆ ಬೇರೆಯವರು ಬರೆದು ಸಾಲ ತೋರಿಸುತ್ತಾರೆ. ಬಡ ದೇಶಕ್ಕೆ ಈ ವರದಿಗಳ ಉಸಾಬರಿ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇದು.

ಉಸಾಬರಿಯೇನೂ ಸಣ್ಣದಲ್ಲ. 1992ರ ರಿಯೋ ಹವಾಮಾನ ಒಪ್ಪಂದವನ್ನು ಭಾರತ 1993ರಲ್ಲಿ ಅನುಮೋದಿಸಿತು. ಮೊದಲ ರಾಷ್ಟ್ರೀಯ ವರದಿ ಹೋದದ್ದು 2004ರಲ್ಲಿ, ಎರಡನೆಯದು 2012, ಮೂರನೆಯದು 2023. ನಮ್ಮ ಸೊಸೈಟಿ ಹನ್ನೊಂದು ವರ್ಷ ಆಡಿಟ್ ಮಾಡಿಸದೆ ಕೂತಿದ್ದರೆ ಬಾಗಿಲಿಗೆ ಬೀಗ ಬೀಳುತ್ತಿತ್ತು ಬಿಡಿ. ಆದರೆ ಒಪ್ಪಂದದ ಕ್ರಮವೇ ಹೀಗಿದೆ: ಹಿಂದೆ ಹೊಗೆ ಉಗುಳಿ ಶ್ರೀಮಂತರಾದ ದೇಶಗಳು ಪ್ರತಿ ವರ್ಷ ಲೆಕ್ಕ ಕೊಡಬೇಕು, ನಮ್ಮಂಥವರು ವರದಿ ಬರೆಯುವ ಖರ್ಚನ್ನೂ ಅವರೇ ಭರಿಸಬೇಕು. ಹಾಗಾಗಿ ಹಣ ಬಂದಾಗ ಕೆಲಸ, ಹಣ ಮುಗಿದಾಗ ತಂಡ ಚದುರಿತು ಅನ್ನುವ ಪಾಡು ಎಷ್ಟೋ ದೇಶಗಳಲ್ಲಿದೆ. 2010ರ ಕಾನ್‌ಕುನ್ ಹವಾಮಾನ ಸಭೆಯ ನಂತರ ಎರಡು ವರ್ಷಕ್ಕೊಮ್ಮೆ ಇನ್ನೊಂದು ವರದಿಯೂ ಕೊಡಬೇಕು ಅಂತಾಯಿತು. ಭಾರತ 2016, 2018, 2021, 2024ರಲ್ಲಿ ಕೊಟ್ಟಿದೆ. ಪ್ಯಾರಿಸ್ ಒಪ್ಪಂದದ ಹೊಸ ಕ್ರಮದಲ್ಲಿ ಎಲ್ಲ ದೇಶಕ್ಕೂ ಹೆಚ್ಚುಕಡಿಮೆ ಒಂದೇ ನಮೂನೆ, ಬಡವರಿಗೆ ಒಂದಿಷ್ಟು ರಿಯಾಯಿತಿ.

ಆಡಳಿತದ ಕಡೆ 2007ರಲ್ಲಿ ಪ್ರಧಾನಿಯವರ ಮಂಡಳಿ, 2008ರ ಜೂನ್ 30ರಂದು ಎಂಟು ಮಿಷನ್ನುಗಳ ರಾಷ್ಟ್ರೀಯ ಯೋಜನೆ (ಸೌರಶಕ್ತಿ, ನೀರು, ಕೃಷಿ, ಹಿಮಾಲಯ, ಹಸಿರು ಭಾರತ ಇತ್ಯಾದಿ), 2009ರಲ್ಲಿ ರಾಜ್ಯಗಳಿಗೂ ಒಂದೊಂದು ಯೋಜನೆ ಮಾಡಿ ಅಂತ ಸೂಚನೆ. ಕರ್ನಾಟಕದ್ದನ್ನು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಎಂಪ್ರಿ ಮಾಡಿತು. ದೆಹಲಿಯಲ್ಲಿ ಪರಿಸರ ಮಂತ್ರಾಲಯವೇ ಯಜಮಾನ, ಒಂದೊಂದು ವಿಷಯಕ್ಕೆ ಒಂದೊಂದು ವಿಜ್ಞಾನ ಸಂಸ್ಥೆ. ಕಾಡಿನ ಲೆಕ್ಕದಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ಶುರುವಿನಿಂದಲೂ ಇದ್ದಾರೆ. ಇಷ್ಟರಮಟ್ಟಿಗೆ ಕಟ್ಟಡ ಗಟ್ಟಿಯಾಗಿದೆ. ನನ್ನ ತಕರಾರು ಬೇರೆ.

ನಮ್ಮ ಮನೆಯ ಜಗಲಿಯಲ್ಲಿ ಕೂತರೆ ಮೂರು ಗುಡ್ಡ ಕಾಣುತ್ತವೆ. ಎಡಗಡೆಯದು ಕಾನು, ಅಂದರೆ ದಟ್ಟ ಹಳೆಯ ಕಾಡು. ಅದರ ಬುಡದಿಂದ ದಂಬೆಯಲ್ಲಿ (ಸೀಳಿದ ಅಡಕೆ ಮರದ ದೋಣಿಯಲ್ಲಿ) ಬರುವ ಅಬ್ಬಿ ನೀರು, ಗುಡ್ಡದ ಒರತೆ, ಮೇ ತಿಂಗಳಲ್ಲೂ ನಿಲ್ಲುವುದಿಲ್ಲ. ನಡುವೆ ತೋಟಕ್ಕೆ ಸೊಪ್ಪು ತರುವ ನಮ್ಮೆಲ್ಲರ ಸೊಪ್ಪಿನ ಬೆಟ್ಟ ಮತ್ತು ಅದರ ಕೆಳಗೆ ಅಡಕೆ ತೋಟ. ಬಲಗಡೆಯದು ಅಕೇಶಿಯಾ. ಭದ್ರಾವತಿಯ ಕಾಗದದ ಕಾರ್ಖಾನೆಗಾಗಿ 1980ರಿಂದ 40 ವರ್ಷದ ಲೀಸಿನಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಸಾವಿರಾರು ಹೆಕ್ಟೇರು ನೆಡುತೋಪು ಎದ್ದದ್ದು, 2020ರಲ್ಲಿ ಲೀಸು ಮುಗಿದಾಗ ನಮ್ಮೂರಿಗೆ ಅಕೇಶಿಯಾ ಬೇಡ ಅಂತ ಜನ ಬೀದಿಗಿಳಿದದ್ದು ನಿಮಗೆಲ್ಲ ನೆನಪಿದೆ. ಆ ತೋಪಿನೊಳಗೆ ಒಮ್ಮೆ ಹೋಗಿ ನಿಂತು ನೋಡಿ. ಕಾಲಡಿ ಕುಡುಗೋಲಿನ ಹಾಗೆ ಬಾಗಿದ ಒಣ ಎಲೆ, ತುಳಿದರೆ ಚರಚರ. ಇನ್ನೇನೂ ಸದ್ದಿಲ್ಲ. ಹಕ್ಕಿಯಿಲ್ಲ, ಮುಳ್ಳುಹಣ್ಣಿನ ಗಿಡವಿಲ್ಲ. ಆ ದರಕನ್ನು ಕೊಟ್ಟಿಗೆಗೆ ಹಾಸಿದರೆ ಬೇಗ ಕೊಳೆಯುವುದೂ ಇಲ್ಲ, ದನ ಮೂಸುವುದೂ ಇಲ್ಲ.

ಈಗ ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆಯವರ ವ್ಯಾಖ್ಯೆ ಓದಿ: ಒಂದು ಹೆಕ್ಟೇರಿಗಿಂತ ಹೆಚ್ಚಿನ ಜಾಗ, ಅದರಲ್ಲಿ ಶೇ. 10ರಷ್ಟಾದರೂ ಮರದ ಮೇಲಾವರಣ ಇದ್ದರೆ ಅರಣ್ಯ ಹೊದಿಕೆ. ಜಾಗ ಯಾರದ್ದೇ ಆಗಿರಲಿ, ಮರ ಯಾವುದೇ ಇರಲಿ. ಹಣ್ಣಿನ ತೋಟ, ಬಿದಿರು, ತಾಳೆ ಜಾತಿ ಎಲ್ಲ ಸೇರಿ. ಅಡಕೆ ತಾಳೆ ಜಾತಿಯೇ. ಅಂದರೆ ಉಪಗ್ರಹದಿಂದ ನೋಡುವವನಿಗೆ ನಮ್ಮ ಜಗಲಿ ಎದುರಿನ ಮೂರು ಗುಡ್ಡವೂ ಹಸಿರೇ. ದೇಶದ ಕಾಲುಭಾಗ, ಸರಿಯಾಗಿ ಹೇಳಿದರೆ ಶೇ. 25.17, ಕಾಡು ಮತ್ತು ಮರದ ಹೊದಿಕೆ ಅಂತ ಸಮೀಕ್ಷೆಯ 2023ರ ವರದಿಯಲ್ಲಿ ಬಂತಲ್ಲ, ಅದರೊಳಗೆ ನಮ್ಮ ತೋಟವೂ ಇದೆ, ಅಕೇಶಿಯಾವೂ ಇದೆ, ಕಾನೂ ಇದೆ.

ಸುಳ್ಳು ಲೆಕ್ಕ ಅಂತ ನಾನು ಹೇಳುತ್ತಿಲ್ಲ. ಅವರು ವ್ಯಾಖ್ಯೆಯನ್ನು ಮುಚ್ಚಿಟ್ಟಿಲ್ಲ, ಮೊದಲಿಗೇ ಬರೆದಿದ್ದಾರೆ. ನೆಲಕ್ಕಿಳಿದು ಮಾದರಿ ತಾಕುಗಳಲ್ಲಿ ಮರದ ಸುತ್ತಳತೆಯನ್ನೂ ತೆಗೆಯುತ್ತಾರೆ. ಇಂಗಾಲವೊಂದನ್ನೇ ಕೇಳಿದರೆ ಅಕೇಶಿಯಾ ಕೂಡ ಇಂಗಾಲ ಹೀರುತ್ತದೆ, ಅದೂ ಬೇಗಬೇಗ. ಆದರೆ 2030ರ ಹೊತ್ತಿಗೆ ಕಾಡು, ಮರಗಳಿಂದ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಹೀರಿಸುತ್ತೇವೆ ಅಂತ 2015ರಲ್ಲಿ ದೇಶ ಮಾತು ಕೊಟ್ಟಿದೆ. ಟನ್ನು ತುಂಬಿಸುವ ಅವಸರದಲ್ಲಿರುವ ಅಧಿಕಾರಿಗೆ ಕಾನು ಉಳಿಸುವುದು ಸುಲಭವೋ, ಗುಡ್ಡ ಬೋಳಿಸಿ ಬೇಗ ಬೆಳೆಯುವ ಸಸಿ ನೆಡುವುದು ಸುಲಭವೋ? ಅಬ್ಬಿ ನೀರಿಗೆ ಆ ವರದಿಯಲ್ಲಿ ಕಾಲಂ ಇಲ್ಲ. 1991ರಲ್ಲಿ ದೆಹಲಿಯವರು ವಾಷಿಂಗ್ಟನ್ನಿಗೆ ಹೇಳಿದ್ದನ್ನೇ ಈಗ ಮಲೆನಾಡಿನವರು ದೆಹಲಿಗೆ ಹೇಳಬೇಕಾಗಿದೆ: ಗದ್ದೆಗೆ ಇಳಿದು ಅಳೆಯಿರಿ ಸ್ವಾಮಿ.

ವಿದ್ಯುತ್ತಿನ ಖಾತೆಯಲ್ಲೂ ಹೀಗೇ. ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲ ಸುಡದ ಮೂಲಗಳಿಂದ ಅನ್ನುವ 2030ರ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಸಂತೋಷ. (ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಗೋದಾಮು ದೊಡ್ಡದಿದೆ ಅಂದಮಾತ್ರಕ್ಕೆ ಒಳಗೆ ಚೀಲ ತುಂಬಿದೆ ಅಂತಲ್ಲ. ಉತ್ಪಾದನೆಯಲ್ಲಿ ಈಗಲೂ ಕಲ್ಲಿದ್ದಲದ್ದೇ ಮೇಲುಗೈ.) ಆ ಅರ್ಧದಲ್ಲಿ ಶರಾವತಿಯ 1035 ಮೆಗಾವ್ಯಾಟ್ ಕೂಡ ಸೇರಿದೆ. ಅದರ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ, ಆಗ ಹವಾಮಾನ ಒಪ್ಪಂದವೆಂಬುದೇ ಇರಲಿಲ್ಲ. ಹಿನ್ನೀರಿಗೆ ಊರು ಬಿಟ್ಟವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ. ಅವರ ತ್ಯಾಗ ದೇಶದ ಜಮಾ ಬದಿಯಲ್ಲಿದೆ, ಅವರ ಬಾಕಿ ಯಾವ ಬದಿಯಲ್ಲೂ ಇಲ್ಲ. ಅದೇ ಕಣಿವೆಗೆ ಈಗ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ) ಯೋಜನೆ ಬಂದಿದೆ. ಸೌರ, ಗಾಳಿ ವಿದ್ಯುತ್ತನ್ನು ಕೂಡಿಡಲು ಇಂಥದ್ದು ಬೇಕು ಅನ್ನುವ ವಾದ ನನಗೆ ಅರ್ಥವಾಗುತ್ತದೆ. ಆದರೆ ಸಿಂಗಳೀಕ ಓಡಾಡುವ ಕಾಡಿನಲ್ಲೇ ಯಾಕೆ ಅನ್ನುವುದಕ್ಕೆ ಉತ್ತರ ಸಿಕ್ಕಿಲ್ಲ.

ಇನ್ನು ನನ್ನದೇ ಹೊಟ್ಟೆಯುರಿ ಒಂದಿದೆ. ಅಡಕೆಗೆ ಹವಾಮಾನ ಆಧಾರಿತ ಬೆಳೆವಿಮೆ ಇದೆಯಲ್ಲ, ಅದರ ಪರಿಹಾರ ನಿಂತಿರುವುದೇ ಪಂಚಾಯಿತಿಯ ಮಳೆಮಾಪಕದ ಮೇಲೆ. ತೋಟಕ್ಕೆ ಯಾರೂ ಬಂದು ನೋಡುವುದಿಲ್ಲ. ಒಂದು ವರ್ಷ ಪುಷ್ಯ, ಆಶ್ಲೇಷ ಎರಡೂ ಬಿಡದೆ ಹೊಡೆದವು. ಎರಡನೇ ಸಲದ ಬೋರ್ಡೋ ಔಷಧಿ ಹೊಡೆಸಲು ಕೊನೆಗೌಡನಿಗೆ ಮರ ಹತ್ತುವಷ್ಟು ಹೊಳವಾಗಲಿಲ್ಲ. ಕೊಳೆರೋಗ ಬಂತು. ಬೆಳಿಗ್ಗೆ ತೋಟಕ್ಕಿಳಿದರೆ ಎಳೆಯಡಕೆ ಬೂಷ್ಟು ಹಿಡಿದು ಮರದ ಬುಡದಲ್ಲಿ ಹಾಸಿದ ಹಾಗೆ. ಮನೆ ಅಂಗಳದಲ್ಲಿ ನಾನಿಟ್ಟ ಅಳತೆಗಾಜು ತುಂಬಿ ದಿನಕ್ಕೆರಡು ಸಲ ಚೆಲ್ಲಿದ್ದೇನೆ. ಆದರೆ ಪಂಚಾಯಿತಿ ಮಾಪಕ ಆ ಮೂರು ವಾರ ಮಾತಾಡಿರಲಿಲ್ಲ. ಅದರ ಬದಲು ಬೇರೆಲ್ಲಿಯದೋ ಮಾಪಕದ ಅಂಕಿ ಹಾಕಿದರು. ಪಕ್ಕದ ಪಂಚಾಯಿತಿಯವರಿಗೆ ಪರಿಹಾರ ಬಂತು, ನಮಗೆ ಬಂದದ್ದು ಬೋರ್ಡೋ ಮೈಲುತುತ್ತದ ಬಿಲ್ಲಿಗೂ ಸಾಲಲಿಲ್ಲ. ಮನೆಯವಳು, "ನಿಮ್ಮ ಗಾಜಿನ ಲೆಕ್ಕ ಯಾರು ಕೇಳ್ತಾರೆ?" ಅಂದಳು. ನನ್ನ ಹತ್ತಿರ ಜವಾಬಿರಲಿಲ್ಲ.

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದು ಅಂತ ವರದಿಯಲ್ಲಿ ಪುಟಗಟ್ಟಲೆ ಇದೆ. 2023ರ ಮೂರನೇ ರಾಷ್ಟ್ರೀಯ ವರದಿಯ ಜೊತೆಗೇ ಹೊಂದಾಣಿಕೆಯ ಮೊದಲ ವರದಿಯನ್ನೂ ವಿಶ್ವಸಂಸ್ಥೆಗೆ ಕೊಟ್ಟಿದ್ದಾರೆ. ನಮ್ಮ ಹೊಂದಾಣಿಕೆಯೆಲ್ಲ ಆ ಕೆಟ್ಟ ಮಾಪಕದಲ್ಲಿ ನಿಂತಿದೆ. ಅಂಕಿ ಇಲ್ಲಿಂದ ಮೇಲಕ್ಕೆ ಹೋಗುತ್ತದೆ, ಬೆಂಗಳೂರು, ದೆಹಲಿ, ಅಲ್ಲಿಂದ ವಿಶ್ವಸಂಸ್ಥೆಯ ಹವಾಮಾನ ಕಚೇರಿ ಇರುವ ಜರ್ಮನಿಯ ಬಾನ್‌ಗೆ. ವಿದೇಶಿ ತಜ್ಞರು ಕೂತು ಪ್ರಶ್ನೆ ಕೇಳುತ್ತಾರೆ, ನಮ್ಮವರು ಉತ್ತರ ಕೊಡುತ್ತಾರೆ. ಬಾನ್‌ನಲ್ಲಿ ಕೂತವರು ಭಾರತವನ್ನು ಲೆಕ್ಕ ಕೇಳಬಹುದಾದರೆ ನಮ್ಮ ಹೊಸನಗರ ತಾಲೂಕಿನವನೂ ಕೇಳಬಹುದಲ್ಲ? ಸೊಸೈಟಿಯಲ್ಲಿ ಅಢಾವೆ ಪತ್ರಿಕೆಯನ್ನು ಸರ್ವಸದಸ್ಯರ ಸಭೆಯಲ್ಲಿ ಓದದಿದ್ದರೆ ಗಲಾಟೆಯಾಗುತ್ತದೆ. ದೇಶದ ಈ ಲೆಕ್ಕವನ್ನು ನಮ್ಮ ಭಾಷೆಯಲ್ಲಿ ಓದಿದವರುಂಟೇ? ನಾನು ತೆರೆದ ಒಂದೂ ವರದಿ ಕನ್ನಡದಲ್ಲಿರಲಿಲ್ಲ. ಇಡೀ ಪುಸ್ತಕ ಬೇಡ ಮಾರಾಯ್ರೇ, ಜಿಲ್ಲೆಗೆ ನಾಲ್ಕು ಪುಟ ಸಾಕು. ಕಾನು ಎಷ್ಟು, ತೋಪು ಎಷ್ಟು, ತೋಟ ಎಷ್ಟು ಅಂತ ಬೇರೆಬೇರೆ ಬರೆದರೆ ನಾವೇ ತಪ್ಪು ಹಿಡಿದುಕೊಡುತ್ತೇವೆ.

ಇದನ್ನೇ ಹೋದ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿದೆ. ಹಿಂದಿನ ಬೆಂಚಿನಿಂದ ಯಾರೋ "ಭಟ್ಟರೇ, ಮೊದಲು ರಸ್ತೆ ಹೊಂಡ ಮುಚ್ಚಿಸಿ" ಅಂದರು, ನಗು. ಮಳೆ ಅಂಕಿ ಕೊಡಿ ಅಂತ ಪಿಡಿಒ ಅವರನ್ನು ಕೇಳಿದ್ದಕ್ಕೆ, "ಡಾಟಾ ನೇರ ಬೆಂಗಳೂರಿಗೆ ಹೋಗ್ತದೆ ಸರ್, ನಮಗೂ ಕಾಣೋದಿಲ್ಲ" ಅಂದರು ಪಾಪ. ಕೊನೆಗೆ ಒಂದು ಠರಾವು ಆಯಿತು. ಮಾಪಕದ ಅಂಕಿ ತರಿಸಿಕೊಂಡು ದಿನಾ ಬೆಳಿಗ್ಗೆ ಪಂಚಾಯಿತಿ ಎದುರು ಬೋರ್ಡಿನಲ್ಲಿ ಬರೆಯುವುದು, ಪಕ್ಕದಲ್ಲಿ ನನ್ನ ಅಳತೆಗಾಜಿನದ್ದೂ ಬರೆಯುವುದು. ಮೊನ್ನೆ ಪೇಟೆಗೆ ಹೋಗುವಾಗ ಇಣುಕಿದೆ. ಬೋರ್ಡ್ ತಂದಿದ್ದಾರೆ. ಹೊರಗಿಟ್ಟರೆ ಮಳೆಗೆ ಬರೆದದ್ದು ಅಳಿಸಿಹೋಗುತ್ತದಂತೆ, ಸೂರಿನಡಿ ಜಾಗ ಹುಡುಕುತ್ತಿದ್ದಾರೆ.