ಅವರಿಗೆ ಕೆಟ್ಟರೆ ರಾಕ್, ನಮಗೆ ಕೆಟ್ಟರೆ ರಿಪೇರಿ

ಗಿಟಾರ್ ಪಿಕ್ ಎಂಬ ಪದಾರ್ಥ ತಯಾರಾಗುವುದೇ ಕಳೆದುಹೋಗುವುದಕ್ಕೆ. ತಂತಿ ಮೀಟಲು ಹಿಡಿಯುವ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಪ್ಲಾಸ್ಟಿಕ್ ಚೂರು, ದಪ್ಪ ಒಂದು ಮಿಲಿಮೀಟರಿನ ಆಚೀಚೆ. ಜೇಬಿನಲ್ಲಿಟ್ಟರೆ ವಾಷಿಂಗ್ ಮೆಷಿನ್ ಪಾಲು, ಮಂಚದ ಮೇಲಿಟ್ಟರೆ ಹಾಸಿಗೆಯ ಸಂದಿಯ ಪಾಲು. ಅಕೂಸ್ಟಿಕ್ ಗಿಟಾರಾದರೆ ಅಷ್ಟು ದೂರ ಹೋಗುವ ಕಷ್ಟವೂ ಇಲ್ಲ. ಎದುರಿಗೇ ಬಾಯಿ ತೆರೆದುಕೊಂಡ ಗುಂಡಿ ಇದೆ. ಜೋರಾಗಿ ಒಂದು ಸ್ಟ್ರಮ್ ಹೊಡೆದರೆ ಬೆರಳಿಂದ ಜಾರಿ ನೇರ ಒಳಗೆ. ಆಮೇಲೆ ಇಡೀ ಗಿಟಾರನ್ನು ತಲೆಯ ಮೇಲೆತ್ತಿ, ಬೋರಲು ಮಾಡಿ ಅಲ್ಲಾಡಿಸಬೇಕು. ಮನೆಗೆ ಯಾರಾದರೂ ಬರುವುದಿದ್ದರೆ ಸರಿಯಾಗಿ ಆ ಹೊತ್ತಿಗೇ ಬರುತ್ತಾರೆ. ಅಲ್ಲಾಡಿಸಿದಾಗ ಹಿಂದೆಂದೋ ನುಂಗಿದ ಪಿಕ್ಕುಗಳು, ತಂತಿಯ ತುಣುಕು, ಮಗಳು ಯಾವಾಗಲೋ ಒಳಗೆ ಹಾಕಿದ ಪೆನ್ಸಿಲ್ ಎಲ್ಲ ಬೀಳುತ್ತವೆ. ಈಗ ತಾನೇ ಬಿದ್ದದ್ದು ಮಾತ್ರ ಒಳಗೇ ಗಲಗಲ ಅನ್ನುತ್ತಿರುತ್ತದೆ.

ಕ್ವೀನ್ ತಂಡದ ಬ್ರಯಾನ್ ಮೇ ಪಿಕ್ಕಿನ ಸಹವಾಸವನ್ನೇ ಬಿಟ್ಟು ಹಳೆಯ ಬ್ರಿಟಿಷ್ ಸಿಕ್ಸ್‌ಪೆನ್ಸ್ ನಾಣ್ಯದಲ್ಲಿ ನುಡಿಸುತ್ತಾರೆ. ಪ್ಲಾಸ್ಟಿಕ್ ಬಾಗುತ್ತದೆ, ನಾಣ್ಯ ಬಾಗುವುದಿಲ್ಲ ಎಂಬುದು ಅವರ ವಾದ. ಅವರ ಗಿಟಾರಿನ ಕಥೆ ಇನ್ನೂ ಚೆಂದ. 1963ರಲ್ಲಿ ಹುಡುಗನಾಗಿದ್ದ ಮೇ ತಂದೆಯ ಜೊತೆ ಕೂತು ಅದನ್ನು ಮನೆಯಲ್ಲೇ ಕಟ್ಟಲು ಶುರುಮಾಡಿದರು. ಕುತ್ತಿಗೆಗೆ ಹಳೇ ಬೆಂಕಿಗೂಡಿನ ಮೇಲಿನ ಹಲಗೆಯ ಮರ, ಸ್ವರವನ್ನು ಅಲುಗಾಡಿಸುವ ಟ್ರೆಮೊಲೊಗೆ ಹಳೇ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗು. ಆ 'ರೆಡ್ ಸ್ಪೆಷಲ್' ಮುಂದೆ ಜಗತ್ತಿನ ದೊಡ್ಡ ದೊಡ್ಡ ವೇದಿಕೆಗಳನ್ನೇರಿತು. ಇದನ್ನೆಲ್ಲ ಓದಿದ ಉತ್ಸಾಹದಲ್ಲಿ ನಾನೂ ಅಪ್ಪನ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಪುಸ್ತಕದ ಕಪಾಟಿನ ಕಡೆ ಒಮ್ಮೆ, ಅಂಗಳದಲ್ಲಿ ನಿಂತಿದ್ದ ಸ್ಕೂಟರಿನ ಕಡೆ ಒಮ್ಮೆ ನೋಡಿ, "ಎರಡರಲ್ಲಿ ಯಾವುದನ್ನ ಮುಟ್ಟಿದ್ರೂ ನೋಡು ಮತ್ತೆ" ಅಂದರು. ನಮ್ಮ ಮನೆಯ ಗಿಟಾರ್ ಉದ್ಯಮ ಅಲ್ಲಿಗೆ ಮುಗಿಯಿತು. ನಾಣ್ಯವನ್ನೇನೋ ಪ್ರಯತ್ನಿಸಿದೆ. ಮೂರನೇ ತಂತಿ ಅದೇ ಸಂಜೆ ಪ್ರಾಣ ಬಿಟ್ಟಿತು.

ರಾಕ್ ಸಂಗೀತದ ಚರಿತ್ರೆಯನ್ನು ತಿರುವಿ ಹಾಕಿದಾಗೆಲ್ಲ ನನಗೆ ಒಂದು ಹೊಟ್ಟೆಕಿಚ್ಚು. ಅಲ್ಲಿ ಏನು ಮುರಿಯಲಿ, ಹರಿಯಲಿ, ಸುಡಲಿ, ಅದರಿಂದ ಒಂದು ಹೊಸ ಸದ್ದು ಹುಟ್ಟಿಬಿಡುತ್ತದೆ. ನಮ್ಮ ಮನೆಯಲ್ಲಿ ಮುರಿದದ್ದು ಮುರಿದೇ ಇರುತ್ತದೆ, ಮೇಲಿಂದ ಬೈಗುಳ.

ಗಿಟಾರಿಸ್ಟ್ ಟೋನಿ ಅಯೋಮಿಯನ್ನೇ ನೋಡಿ. ಈ ಹೆಸರನ್ನು ನಾನು ಮೊದಲು ಕೇಳಿದ್ದು ಅಣ್ಣನಿಂದ, ಅದೂ ಎಫ್ ಕಾರ್ಡ್ ಎಂಬ ಸ್ವರಗುಚ್ಛದ ದೆಸೆಯಿಂದ. ಕಲಿಯುವವರ ದಾರಿಯಲ್ಲಿ ಅಡ್ಡ ಮಲಗಿರುವ ಕಾರ್ಡ್ ಇದು. ತೋರುಬೆರಳನ್ನು ಕುತ್ತಿಗೆಯ ಮೊದಲ ಫ್ರೆಟ್ಟಿನ (ಲೋಹದ ಅಡ್ಡಪಟ್ಟಿಯ) ಮೇಲೆ ಉದ್ದಕ್ಕೂ ಚಾಚಿ ಆರೂ ತಂತಿಗಳನ್ನು ಒತ್ತಿಹಿಡಿಯಬೇಕು, ಉಳಿದ ಮೂರು ಬೆರಳು ಬೇರೆ ಬೇರೆ ಕಡೆ ಕೂರಬೇಕು. ಮೊದಮೊದಲು ಸ್ವರದ ಬದಲು ಟಪಟಪ ಸದ್ದಷ್ಟೇ ಬರುತ್ತದೆ. ನಾನು ಬೆರಳ ತುದಿ ಊದಿಕೊಳ್ಳುತ್ತಾ "ಆಗಲ್ಲ" ಅಂದರೆ ಅಣ್ಣ ಅಯೋಮಿಯ ಕಥೆ ಶುರುಮಾಡುತ್ತಿದ್ದ. ಬರ್ಮಿಂಗ್‌ಹ್ಯಾಮ್‌ನ ಹುಡುಗ, ವಯಸ್ಸು 17, ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಆತ ಎಡಗೈಯಲ್ಲಿ ಮೀಟುವವ, ಹಾಗಾಗಿ ಫ್ರೆಟ್ ಹಿಡಿಯುವ ಬೆರಳುಗಳೇ ಹೋದಂತಾಯಿತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ತೆಳುವಾದ ತಂತಿ ಕಟ್ಟಿದ. 1971ರ ಹೊತ್ತಿಗೆ ಶ್ರುತಿಯನ್ನೇ ಮೂರು ಸೆಮಿಟೋನ್, ಅಂದರೆ ಮೂರು ಅರ್ಧಸ್ವರ, ಇಳಿಸಿದ. ಸಡಿಲ ತಂತಿಯ ಆ ಭಾರವಾದ ಗುಡುಗೇ ಬ್ಲ್ಯಾಕ್ ಸಬ್ಬತ್ ತಂಡದ ಗುರುತಾಯಿತು, ಹೆವಿ ಮೆಟಲ್ಲಿಗೆ ಬುನಾದಿಯಾಯಿತು. "ಅವ್ರಿಗೆ ತುದೀನೇ ಇರ್ಲಿಲ್ಲ. ನಿಂಗೆ ಹತ್ತೂ ಇದೆಯಲ್ಲೋ, ಏನಾಗಿದೆ ರೋಗ?" ಎಂದು ಅಣ್ಣ ಮುಗಿಸುತ್ತಿದ್ದ. ಸ್ವತಃ ಅವನಿಗೆ ಎಫ್ ಬರುತ್ತಿರಲಿಲ್ಲ. ಎಫ್ ಬಂದ ಕಡೆಯೆಲ್ಲ ಕೆಮ್ಮುತ್ತಿದ್ದ.

ಹಾಡುಗಳನ್ನು ಕಲಿತದ್ದೆಲ್ಲ ಕ್ಯಾಸೆಟ್ಟಿನಿಂದ. ಕ್ಯಾಸೆಟ್ ಪ್ಲೇಯರಿಗೆ ಸೆಲ್ ಹಾಕುತ್ತಿದ್ದ ಕಾಲದವರಿಗೆ ಗೊತ್ತಿರುತ್ತದೆ, ಸೆಲ್ ಇಳಿದಂತೆ ಮೋಟಾರು ನಿಧಾನವಾಗುತ್ತದೆ, ಹಾಡು ನಿಧಾನವಾಗುತ್ತದೆ, ಶ್ರುತಿಯೂ ಇಳಿಯುತ್ತಾ ಹೋಗುತ್ತದೆ. ಇದು ಎಷ್ಟು ಮೆಲ್ಲಗೆ ಆಗುತ್ತದೆಂದರೆ ಕೇಳುವವನಿಗೆ ಸುಳಿವೇ ಸಿಗುವುದಿಲ್ಲ. ಡೀಪ್ ಪರ್ಪಲ್‌ನ 'ಸ್ಮೋಕ್ ಆನ್ ದಿ ವಾಟರ್' ನಾನು ಕಲಿತದ್ದು ಹೀಗೆ ಬಡಕಲಾದ ಸೆಲ್ಲುಗಳ ಮೇಲೆ, ಮೂಲಕ್ಕಿಂತ ಒಂದು ಸೆಮಿಟೋನ್ ಕೆಳಗೆ. ಗಾಯಕನ ಗಂಟಲು ಸ್ವಲ್ಪ ವಯಸ್ಸಾದವರದ್ದು ಅಂದುಕೊಂಡಿದ್ದೆ. ನನ್ನ ಗೆಳೆಯ ಅದನ್ನೇ ಕಲಿತದ್ದು ಕರೆಂಟಿನಲ್ಲಿ ಓಡುವ ಡೆಕ್ಕಿನಲ್ಲಿ. ಇಬ್ಬರೂ ಗಿಟಾರ್ ಹಿಡಿದು ನಮ್ಮ ನಡುಮನೆಯಲ್ಲಿ ಕೂತು ಒಟ್ಟಿಗೆ ಶುರುಮಾಡಿದೆವು.

"ಲೇ, ನಿಂದು ಕೆಳಗಿದೆ ಕಣೋ."

"ನಿಂದೇ ಮೇಲಿದೆ. ಕ್ಯಾಸೆಟ್ ಕೇಳಿದೀಯಾ ಸರಿಯಾಗಿ?"

ಇಬ್ಬರೂ ಕ್ಯಾಸೆಟ್ಟಿನ ಮೇಲೆ ಆಣೆ ಮಾಡಿದೆವು. ಇಬ್ಬರ ಆಣೆಯೂ ನಿಜವೇ. ಜಗಳ ಜೋರಾದಾಗ ಒಳಗಿಂದ ಅಜ್ಜಿ, "ಇಬ್ರೂ ಒಟ್ಟಿಗೆ ನಿಲ್ಲಿಸ್ರಪ್ಪಾ, ಸರಿಯಾಗುತ್ತೆ" ಅಂದರು.

ಆ ಹಾಡು ಹುಟ್ಟಿದ್ದೂ ಅವಘಡದಲ್ಲೇ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿನ ಕ್ಯಾಸಿನೋದಲ್ಲಿ ಫ್ರಾಂಕ್ ಜಪ್ಪಾ ತಂಡದ ಕಛೇರಿ ನಡೆಯುತ್ತಿತ್ತು. ಪ್ರೇಕ್ಷಕರಲ್ಲೊಬ್ಬ ಫ್ಲೇರ್ ಗನ್ ಹಾರಿಸಿದ, ಕಟ್ಟಡಕ್ಕೆ ಕಟ್ಟಡವೇ ಉರಿಯಿತು. ಅಲ್ಲೇ ಆಲ್ಬಂ ಮಾಡಲು ಬಂದಿದ್ದ ಡೀಪ್ ಪರ್ಪಲ್‌ನವರು ಜಿನೀವಾ ಸರೋವರದ ಮೇಲೆ ಹಬ್ಬುತ್ತಿದ್ದ ಹೊಗೆಯನ್ನು ನೋಡಿದರು, ಹಾಡು ಮಾಡಿದರು. ಅದರ ಆ ಹೆಸರಾಂತ ರಿಫ್ಫನ್ನು, ಅಂದರೆ ಮತ್ತೆ ಮತ್ತೆ ಬರುವ ಸ್ವರಗಳ ತುಣುಕನ್ನು, ತಂಡದ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಪಿಕ್ ಇಲ್ಲದೆ ಬರಿಬೆರಳಲ್ಲಿ ಎರಡೆರಡು ತಂತಿ ಎಳೆದು ನುಡಿಸುತ್ತಾರೆ. ಪಿಕ್ ಕಳೆದವರಿಗೆ ಇದಕ್ಕಿಂತ ಒಳ್ಳೆಯ ಸಮಾಧಾನವಿಲ್ಲ, ನಾನು ಇವತ್ತಿಗೂ ಬಳಸುತ್ತೇನೆ.

ಎಲೆಕ್ಟ್ರಿಕ್ ಗಿಟಾರ್ ಬಂದಮೇಲೆ ಅವಘಡಗಳಿಗೂ ವಿದ್ಯುತ್ ಸಂಪರ್ಕ ಸಿಕ್ಕಿತು. ನನಗೆ ಅತ್ಯಂತ ಪ್ರಿಯವಾದದ್ದು ಸ್ಟ್ರಾಟೋಕ್ಯಾಸ್ಟರ್ ಮಾದರಿ. 1954ರಲ್ಲಿ ಅದನ್ನು ಹೊರತಂದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಈ ಒಂದು ಸಂಗತಿಯನ್ನು ನಾನು ಮನೆಯಲ್ಲಿ ಆಗಾಗ ನೆನಪಿಸುತ್ತಿರುತ್ತೇನೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅದರ ಮೂರು ಪಿಕಪ್ಪುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಮೂರು ಸ್ಥಾನದ ಸ್ವಿಚ್ ಕೊಟ್ಟಿದ್ದರು. ನುಡಿಸುವವರು ಅದನ್ನು ಎರಡು ಸ್ಥಾನಗಳ ನಡುವೆ ಸಿಕ್ಕಿಸಿ ನಿಲ್ಲಿಸಿದರು, ಎರಡು ಪಿಕಪ್ ಒಟ್ಟಿಗೆ ಸೇರಿ ಬೇರೆಯದೇ ಸದ್ದು ಬಂತು. ಕಂಪನಿ ಅದನ್ನೊಪ್ಪಿ ಐದು ಸ್ಥಾನದ ಸ್ವಿಚ್ ಕೊಡುವ ಹೊತ್ತಿಗೆ 1977. ನೋಡಿ, ಅವರಿಗೆ ಸ್ವಿಚ್ ಸಿಕ್ಕಿಹಾಕಿಕೊಂಡರೂ ಲಾಭವೇ.

ಆ ಜಾತಿಯ ಸಿಂಗಲ್ ಕಾಯಿಲ್ (ಒಂದೇ ತಂತಿಸುರುಳಿಯ) ಪಿಕಪ್ಪಿಗೆ ಒಂದು ಚಟ. ಗೋಡೆಯ ವೈರು, ಟ್ಯೂಬ್‌ಲೈಟು, ಎಲ್ಲದರ ಗುಂಯ್‌ಗುಡುವಿಕೆಯನ್ನೂ ಹೀರಿಕೊಂಡು ಆಂಪ್ಲಿಫೈಯರಿಗೆ ದಾಟಿಸುತ್ತದೆ. ಅಮೆರಿಕದಲ್ಲಾದರೆ ಆ ಸದ್ದು 60 ಹರ್ಟ್ಜ್, ನಮ್ಮಲ್ಲಿ 50. 1950ರ ದಶಕದಲ್ಲಿ ಗಿಬ್ಸನ್ ಗಿಟಾರ್ ಕಂಪನಿಯ ಸೇತ್ ಲವರ್ ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ತಿರುಗುಮುರುಗಾಗಿ ಜೋಡಿಸಿ ಗುಂಯ್ಕಾರವನ್ನು ಪರಸ್ಪರ ಕೊಲ್ಲಿಸಿದರು, ಅದೇ ಹಂಬಕರ್. ಅದಿಲ್ಲದವರಿಗೆ ಇರುವ ಉಪಾಯ ಒಂದೇ. ಗಿಟಾರ್ ಹಿಡಿದು ನಿಂತಲ್ಲೇ ತಿರುಗುತ್ತಾ ಹೋಗುವುದು, ಯಾವ ದಿಕ್ಕಿನಲ್ಲಿ ಸದ್ದು ಕಡಿಮೆಯೋ ಅಲ್ಲಿ ನಿಲ್ಲುವುದು. ನನ್ನ ಕೋಣೆಯಲ್ಲಿ ಆ ದಿಕ್ಕು ಮೂಲೆಗೆ ಮುಖ ಮಾಡಿದೆ. ಹೊಸಬರು ನೋಡಿದರೆ ಈತನಿಗೆ ಮನೆಯವರು ಶಿಕ್ಷೆ ಕೊಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ಅಲ್ಲಿ ನಿಂತರೂ ಕೆಲವು ರಾತ್ರಿ ಕೇಬಲ್ಲೇ ಆಂಟೆನಾ ಆಗಿಬಿಡುತ್ತದೆ. ಕಣ್ಣುಮುಚ್ಚಿ ಸೋಲೋದ ಕೊನೆಯ ಸ್ವರವನ್ನು ಎಳೆದು ಹಿಡಿದಿದ್ದೆ, ಆಂಪಿನೊಳಗಿಂದ ಗಂಭೀರ ದನಿಯೊಂದು ಹವಾಮಾನ ವರದಿ ಓದಿತು. ನನ್ನವಳು ಅಡುಗೆಮನೆಯಿಂದಲೇ, "ರೀ, ಅದನ್ನ ಸ್ವಲ್ಪ ಜೋರು ಮಾಡಿ" ಅಂದಳು. ಅಷ್ಟು ವರ್ಷಗಳಲ್ಲಿ ಆ ಆಂಪಿನ ವಿಷಯಕ್ಕೆ ಅವಳ ಬಾಯಿಂದ ಬಂದ ಏಕೈಕ ಬೇಡಿಕೆ.

ತೇಲುವ ಬ್ರಿಡ್ಜ್ (ತಂತಿಗಳ ಬುಡ ಕೂರುವ ಭಾಗ) ಇರುವ ಗಿಟಾರುಗಳ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಶತ್ರುಗಳಿಗೆ ಉಡುಗೊರೆ ಕೊಡಲು ಅತ್ಯುತ್ತಮ. ಮುಂದೆ ಆರು ತಂತಿಗಳ ಎಳೆತ, ಹಿಂದೆ ಮರದೊಳಗೆ ಸ್ಪ್ರಿಂಗುಗಳ ಎಳೆತ, ನಡುವೆ ಬ್ರಿಡ್ಜು ತೂಗಿಕೊಂಡಿರುತ್ತದೆ. ಒಂದು ತಂತಿಯನ್ನು ಬಿಗಿದರೆ ಬ್ರಿಡ್ಜು ವಾಲಿ ಉಳಿದ ಐದೂ ಇಳಿಯುತ್ತವೆ. ಆ ಐದನ್ನು ಸರಿಮಾಡುವಷ್ಟರಲ್ಲಿ ಮೊದಲನೆಯದು ಇಳಿದಿರುತ್ತದೆ. ಒಟ್ಟು ಕುಟುಂಬದಲ್ಲಿ ಒಬ್ಬರನ್ನು ಒಲಿಸಿಕೊಂಡರೆ ಉಳಿದವರು ಮುನಿಸಿಕೊಂಡ ಹಾಗೆ. ನಾನು ಇಡೀ ಮಧ್ಯಾಹ್ನ ಅದರ ಶ್ರುತಿ ಮಾಡುತ್ತಿದ್ದಾಗ ಬಂದ ಅತ್ತೆಯವರು ಭಕ್ತಿಯಿಂದ ಕೂತು ಕೇಳಿ, "ಚೆನ್ನಾಗಿದೆಯಪ್ಪ, ಒಂದೇ ಸ್ವರ ಮತ್ತೆ ಮತ್ತೆ ಬರುತ್ತೆ ಅಷ್ಟೇ" ಎಂದು ವಿಮರ್ಶೆ ಮಾಡಿದರು.

ಕಾಲೇಜು ದಿನಾಚರಣೆಯಲ್ಲಿ ಇಂಥದ್ದೇ ಒಂದು ಎರವಲು ಗಿಟಾರ್ ನನ್ನ ಕೊರಳಲ್ಲಿತ್ತು. ಎರಡನೇ ಹಾಡಿನ ಮಧ್ಯೆ ಒಂದು ತಂತಿ ಕಡಿಯಿತು. ಬೇರೆ ಗಿಟಾರಾದರೆ ಐದರಲ್ಲಿ ಹೇಗೋ ದಾಟಬಹುದು. ಇದರಲ್ಲಿ ಒಂದರ ಎಳೆತ ತಪ್ಪಿದ್ದೇ ತಡ, ಸ್ಪ್ರಿಂಗುಗಳು ಬ್ರಿಡ್ಜನ್ನು ಹಿಂದಕ್ಕೆ ಜಗ್ಗಿ ಉಳಿದ ಐದೂ ಮೇಲೇರಿದವು. ಶ್ರುತಿ ಮಾಡೋಣವೆಂದರೆ ಕುತ್ತಿಗೆಯ ತುದಿಯ ನಟ್ಟಿನ ಹತ್ತಿರ ತಂತಿಗಳಿಗೆ ಬೀಗ, ಬಿಚ್ಚಲು ಅಲೆನ್ ಕೀ ಬೇಕು, ಅಲೆನ್ ಕೀ ಗಿಟಾರಿನ ಯಜಮಾನನ ಮನೆಯಲ್ಲಿ. ಯಾರೋ ಸೈಕಲ್ ಹತ್ತಿ ಓಡಿದರು. ಡ್ರಮ್ಮರಿಗೆ ಕಣ್ಸನ್ನೆ ಮಾಡಿದೆ, ಸ್ವಲ್ಪ ಹೊತ್ತು ಸುಧಾರಿಸು ಅಂತ. ಆ ಪುಣ್ಯಾತ್ಮ ಬಹುಶಃ ಹುಟ್ಟಿದಾಗಿನಿಂದ ಆ ಕಣ್ಸನ್ನೆಗಾಗಿಯೇ ಕಾದಿದ್ದ. ಕೀ ಬಂತು, ಹೊಸ ತಂತಿ ಬಿತ್ತು, ಶ್ರುತಿಯೂ ಕೂತಿತು, ನಾನು ತಲೆಯಾಡಿಸಿ ತಲೆಯಾಡಿಸಿ ಸೋತೆ, ಅವನು ನಿಲ್ಲಿಸಲಿಲ್ಲ. ನಮ್ಮ ಪಾಲಿನ ಸಮಯ ಮುಗಿದು ಪರದೆ ಎಳೆದರು. ಅಂದು ಅತ್ಯಂತ ಜೋರು ಚಪ್ಪಾಳೆ ಬಿದ್ದದ್ದು ಆ ಡ್ರಮ್ಸಿಗೇ. ಆಮೇಲೆ ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಅವನು ಹತ್ತಿರ ಬಂದು, "ತಂತಿ ಹಳೇದೇ ಇದೆ ತಾನೇ ಗುರು? ಬದಲಾಯಿಸೋಕೆ ಹೋಗ್ಬೇಡ" ಅನ್ನುತ್ತಿದ್ದ.

ಪೀಟ್ ಟೌನ್‌ಶೆಂಡ್‌ಗೆ 1964ರಲ್ಲಿ ಲಂಡನ್ನಿನ ರೈಲ್ವೆ ಹೋಟೆಲಿನಲ್ಲಿ ಗಿಟಾರಿನ ತಲೆ ತಗ್ಗಾದ ಸೂರಿಗೆ ಬಡಿದು ಮುರಿಯಿತು. ಕೆಲವರು ನಕ್ಕರಂತೆ. ಆತ ಸಿಟ್ಟಿನಲ್ಲಿ ಉಳಿದದ್ದನ್ನೂ ಪುಡಿಮಾಡಿದ, ಅದೇ ಆತನ ದಿ ಹೂ ತಂಡದ ಮುದ್ರೆಯಾಯಿತು. ನನ್ನ ಗಿಟಾರಿನ ತಲೆ ಬಡಿದದ್ದು ಸೀಲಿಂಗ್ ಫ್ಯಾನಿಗೆ. ಮನೆಯವರೆಲ್ಲ ಓಡಿ ಬಂದರು. ಎಲ್ಲರೂ ಮೇಲೆ ನೋಡಿ ಒಂದೇ ಮಾತು ಕೇಳಿದರು: "ಫ್ಯಾನಿಗೇನಾಯ್ತು?"

ಅಂತೂ ಒಂದೇ ಒಂದು ಸಲ ಅದೃಷ್ಟ ನನ್ನ ಕಡೆಗೂ ತಿರುಗಿತ್ತು. ಅದನ್ನು ಹೇಳುವ ಮುಂಚೆ ಸ್ವಲ್ಪ ಹಿನ್ನೆಲೆ ಬೇಕು. ರಾಕ್ ಗಿಟಾರಿನ ಆ ಕರಕರ ಒಡಕು ದನಿ ಇದೆಯಲ್ಲ, ಅದು ಶುರುವಾದದ್ದೇ ಕೆಟ್ಟುಹೋದ ಉಪಕರಣಗಳಿಂದ. 1961ರಲ್ಲಿ ಬಂದ ಮಾರ್ಟಿ ರಾಬಿನ್ಸ್ ಹಾಡೊಂದರ ಧ್ವನಿಮುದ್ರಣದಲ್ಲಿ ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್, ಮಿಕ್ಸಿಂಗ್ ಕನ್ಸೋಲಿನ ಕೆಟ್ಟ ಭಾಗವೊಂದರಿಂದ ಹಾದು ಒಡಕು ದನಿಯಲ್ಲಿ ಬಂತು. ಅಳಿಸುವ ಬದಲು ಹಾಗೇ ಬಿಟ್ಟರು. ಮರುವರ್ಷ ಆ ಕೆಟ್ಟ ಸದ್ದನ್ನು ಬೇಕೆಂದಾಗ ಕೊಡುವ ಫಜ್ ಪೆಡಲ್ ಮಾರುಕಟ್ಟೆಗೆ ಬಂತು. 1964ರಲ್ಲಿ ದಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಬ್ಲೇಡಿನಿಂದ ಸ್ಪೀಕರಿನ ಕಾಗದವನ್ನೇ ಸೀಳಿ ಆ ಒರಟು ದನಿ ತೆಗೆದ.

ನನ್ನ ಆಂಪು ಯಾರೂ ಬ್ಲೇಡ್ ಹಾಕದೆ ತಾನಾಗಿಯೇ ಆ ಸ್ಥಿತಿಗೆ ಬಂತು. ಮಳೆಗಾಲವೊಂದು ಕಳೆದ ಮೇಲೆ ಒಂದು ಸಂಜೆ ಕಾರ್ಡ್ ಹೊಡೆದರೆ ಅರವತ್ತರ ದಶಕವೇ ಎದ್ದು ಬಂತು. ಕೆಳಗಿನ ತಂತಿಗಳು ಗೊರಗೊರ ಅನ್ನುತ್ತಿದ್ದವು, ಮೇಲಿನವು ಸುಟ್ಟಂತೆ ಚುರುಗುಟ್ಟುತ್ತಿದ್ದವು. ಗೆಳೆಯರನ್ನೆಲ್ಲ ಕರೆದು ಕೇಳಿಸಿದೆ. ಮುಟ್ಟಲು ಯಾರಿಗೂ ಬಿಡಲಿಲ್ಲ, ಧೂಳು ಕೂಡ ಒರೆಸಲಿಲ್ಲ. ಹೀಗಿರುವಾಗ ಅದರ ಪವರ್ ಸ್ವಿಚ್ ಸಡಿಲವಾಯಿತು. ಸ್ವಿಚ್ಚೊಂದೇ, ಬೇರೇನೂ ಬೇಡ ಎಂದು ಒತ್ತಿ ಹೇಳಿ ರಿಪೇರಿಯವರ ಕೈಗೆ ಕೊಟ್ಟೆ. ವಾಪಸ್ ಕೊಡುವಾಗ ಅವರ ಮುಖದಲ್ಲಿ ತೃಪ್ತಿಯ ನಗು.

"ಸ್ವಿಚ್ ಹಾಕಿದೀನಿ ಸಾರ್. ಒಳಗೆ ಏನೋ ಕರಕರ ಅಂತಿತ್ತು, ನೀವು ಹೇಳೋಕೆ ಮರ್ತಿದ್ರಿ ಅನ್ಸುತ್ತೆ. ಅದನ್ನೂ ಪೂರ್ತಿ ತೆಗ್ದು ಕ್ಲೀನ್ ಮಾಡ್ಬಿಟ್ಟೆ. ಅದಕ್ಕೆ ದುಡ್ಡೇನೂ ಬೇಡ."

ಈಗ ಅದು ಗಾಜಿನಷ್ಟು ಶುದ್ಧವಾಗಿ ಮಾತಾಡುತ್ತದೆ. ಹಳೆಯ ಕರಕರ ಬೇಕೆಂದರೆ ಪೆಡಲ್ ತರಿಸಬೇಕು. ಯಾವ ಪೆಡಲ್ ಹೆಚ್ಚು ಕೆಟ್ಟದಾಗಿ ಕೇಳುತ್ತದೆ ಎಂದು ನಾನು ರಾತ್ರಿಯೆಲ್ಲ ಹೆಡ್‌ಫೋನ್ ಹಾಕಿಕೊಂಡು ಹೋಲಿಸಿ ನೋಡುತ್ತಿದ್ದರೆ, ನನ್ನವಳು ಬೆಲೆಯ ಕಡೆ ಕಣ್ಣು ಹಾಯಿಸಿ ಕೇಳಿದಳು: "ಕೆಟ್ಟಿದ್ದನ್ನ ಅವ್ರು ಬಿಟ್ಟಿಯಾಗಿ ಸರಿಮಾಡಿ ಕೊಟ್ಟಿದಾರೆ. ಸರಿಯಾಗಿರೋದನ್ನ ಕೆಡ್ಸೋಕೆ ಇಷ್ಟು ಕೊಡ್ಬೇಕೇನ್ರೀ?"

ಕೆಂಪು ಬಣ್ಣದ್ದಕ್ಕೆ ಆರ್ಡರ್ ಹಾಕಿದ್ದೇನೆ.