ಕರಾವಳಿ ಬ್ಯಾಂಕುಗಳ ವಿಲೀನ: ಸಣ್ಣ ಸಾಲಗಾರನಿಗೆ ಒಳಿತಾಯಿತೇ?

ಪರ

ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಮೂರೂ ದಕ್ಷಿಣ ಕನ್ನಡ, ಉಡುಪಿ ಎಂಬ ಈ ಅವಳಿ ಜಿಲ್ಲೆಗಳ ಮಣ್ಣಿನಲ್ಲಿ ಹುಟ್ಟಿದವು. ಫಲಕ ಇಳಿಸಿದ ದಿನ ಊರಿಗೆ ನೋವಾದದ್ದು ಸಹಜ. ಆದರೆ ಸಾಲ ಹುಟ್ಟುವುದು ಅಭಿಮಾನದಿಂದಲ್ಲ, ಬಂಡವಾಳದಿಂದ. ನಮ್ಮ ದೇಶದ ನಿಯಮದಂತೆ ಬ್ಯಾಂಕು ತನ್ನ ಅಪಾಯಕ್ಕೆ ತಕ್ಕಂತೆ ತೂಗಿದ ಆಸ್ತಿಯ (ಅಂದರೆ ಕೊಟ್ಟ ಸಾಲ, ಹೂಡಿಕೆಗಳ) ಶೇ. 11.5ರಷ್ಟು ಬಂಡವಾಳ ಇಟ್ಟುಕೊಂಡಿರಬೇಕು. ದೊಡ್ಡ ಸಾಲಗಳು ಮುಳುಗಿ ಈ ಬಂಡವಾಳ ಕರಗತೊಡಗಿದರೆ, ಅದಕ್ಕೆ ಯಾವ ರೀತಿಯಲ್ಲೂ ಕಾರಣನಲ್ಲದ ಸಣ್ಣ ವ್ಯಾಪಾರಿಯ ಸಾಲಕ್ಕೂ ಕತ್ತರಿ ಬೀಳುತ್ತದೆ. ಕಾರ್ಪೊರೇಷನ್ ಬ್ಯಾಂಕು 2017ರ ಡಿಸೆಂಬರಿನಿಂದ 2019ರ ಫೆಬ್ರುವರಿಯವರೆಗೆ ದುರ್ಬಲ ಬ್ಯಾಂಕುಗಳಿಗೆ ಕಡಿವಾಣ ಹಾಕುವ ರಿಸರ್ವ್ ಬ್ಯಾಂಕಿನ ತ್ವರಿತ ಸರಿಪಡಿಕೆ ಕ್ರಮದಡಿ ಇದ್ದದ್ದು ಎಲ್ಲರಿಗೂ ತಿಳಿದದ್ದೇ.

ಬ್ಯಾಂಕುಗಳ ಸಂಖ್ಯೆ ಇಳಿದರೆ ಪೈಪೋಟಿ ಕುಗ್ಗಿ ಸಾಲ ದುಬಾರಿಯಾಗುತ್ತದೆ ಎಂಬ ವಾದವೂ ನೇರವಾಗಿ ನಿಲ್ಲುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಮಿಚೆಲ್ ಪೀಟರ್ಸನ್ ಮತ್ತು ರಘುರಾಮ್ ರಾಜನ್ 1995ರಲ್ಲಿ ಅಮೆರಿಕದ ಸಣ್ಣ ಉದ್ಯಮಗಳನ್ನು ಪರಿಶೀಲಿಸಿ, ಬ್ಯಾಂಕುಗಳು ಕಡಿಮೆ ಇರುವ ಕಡೆಯೇ ಹೊಸ ಉದ್ಯಮಗಳಿಗೆ ಹೆಚ್ಚು ಸಾಲ ಸಿಗುತ್ತದೆ ಎಂದು ತೋರಿಸಿದರು. ಗಿರಾಕಿ ನಾಳೆ ಬೇರೆಡೆಗೆ ಹೋಗಲಾರ ಎಂಬ ಭರವಸೆಯಿದ್ದರೆ ಬ್ಯಾಂಕು ಇಂದು ಕಡಿಮೆ ಬಡ್ಡಿಗೆ ಕೊಟ್ಟು, ಆತ ಬೆಳೆದ ಮೇಲೆ ಲಾಭ ಪಡೆಯುತ್ತದೆ ಎಂಬುದು ಅವರ ತರ್ಕ. ಉಡುಪಿ ಜಿಲ್ಲೆಯಲ್ಲಿ ಠೇವಣಿ ಬಹಳ, ಸಾಲ ಕಡಿಮೆ ಎಂಬ ದೂರು ವಿಲೀನಕ್ಕಿಂತ ಮೊದಲೇ ಇತ್ತಲ್ಲವೇ?

ವಿರೋಧ

ಸಣ್ಣ ಸಾಲಗಾರನಿಗೆ ಬೇಕಾದದ್ದು ಬ್ಯಾಂಕಿನ ಗಾತ್ರವಲ್ಲ, ತನ್ನ ಪರಿಚಯವಿರುವವರ ಕೈಯಲ್ಲಿ ಮಂಜೂರಾತಿಯ ಅಧಿಕಾರ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಉಳಿತಾಯ ಯೋಜನೆ ಆರಂಭಿಸಿದಾಗ ಸಂಗ್ರಹವಾದದ್ದು ಹಣ ಮಾತ್ರವಲ್ಲ. ಸಂಜೆ ರಥಬೀದಿಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗುವ ಪಿಗ್ಮಿಯವರಿಗೆ, ನಿತ್ಯ ಇನ್ನೂರು ಕೊಡುತ್ತಿದ್ದವರು ಎರಡು ವಾರದಿಂದ ಐವತ್ತಕ್ಕೆ ಇಳಿದಿದ್ದಾರೆಂಬುದು ಗೊತ್ತು. ಮಗಳ ಮದುವೆಯ ಖರ್ಚೋ, ವ್ಯಾಪಾರವೇ ಕುಸಿದಿದೆಯೋ ಎಂಬುದೂ ಗೊತ್ತು. ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಕಾಣದ ಈ ತಿಳಿವಳಿಕೆ ಶಾಖೆಯ ಮೇಜಿನವರೆಗೆ ಬರುತ್ತದೆ, ಅಲ್ಲಿಂದ ದೂರದ ಪ್ರಧಾನ ಕಚೇರಿಗೆ ಹೋಗುವುದಿಲ್ಲ. ಅರ್ಥಶಾಸ್ತ್ರಜ್ಞ ಅಲೆನ್ ಬರ್ಗರ್ ಮತ್ತು ಸಂಗಡಿಗರು 2005ರಲ್ಲಿ ಅಮೆರಿಕದ ಬ್ಯಾಂಕುಗಳ ಬಗ್ಗೆ ಕಂಡುಕೊಂಡದ್ದೂ ಇದನ್ನೇ: ದೊಡ್ಡ ಬ್ಯಾಂಕುಗಳು ದೂರದ ಗಿರಾಕಿಗೆ, ಮುಖ ನೋಡದೆ ಸಾಲ ಕೊಡುತ್ತವೆ, ಸಂಬಂಧವೂ ಅಲ್ಪಕಾಲದ್ದು.

ಉಡುಪಿಯ ಮೀನುಗಾರಿಕಾ ಬಂದರು ಮಲ್ಪೆಯ ಬೋಟಿನ ಮಾಲೀಕರನ್ನೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಕ್ಕೆಯಲ್ಲಿ ಒಂದಕ್ಕೊಂದು ಒತ್ತಿ ನಿಂತಿರುತ್ತವೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಇಲ್ಲಿನ ಮಳೆಗಾಲ ಕಂಡ ಮ್ಯಾನೇಜರಿಗೆ ಇದು ಪ್ರತಿವರ್ಷದ ಮಾಮೂಲು. ದೂರದ ಸಾಲ ಪರಿಶೀಲನಾ ಕೇಂದ್ರದ ಪರದೆಯ ಮೇಲೆ ಅದು ಎರಡು ತಪ್ಪಿದ ಕಂತು, ಅಷ್ಟೇ. ಪೀಟರ್ಸನ್–ರಾಜನ್ ವಾದ ನಿಂತಿರುವುದು ಸಂಬಂಧ ಮುಂದುವರಿಯುತ್ತದೆಂಬ ಭರವಸೆಯ ಮೇಲೆ. ಮೂರು ವರ್ಷಕ್ಕೊಮ್ಮೆ ಮ್ಯಾನೇಜರ್ ಬದಲಾಗಿ, ಮಂಜೂರಾತಿ ಶಾಖೆಯಿಂದಲೇ ಹೊರಬಿದ್ದ ಮೇಲೆ ಮುಂದುವರಿಯಲು ಉಳಿದ ಸಂಬಂಧ ಯಾವುದು?

ದುರ್ಬಲ ಬ್ಯಾಂಕನ್ನು ಉಳಿಸಲು ವಿಲೀನ ಎಂಬ ಸಮರ್ಥನೆ ಕಾರ್ಪೊರೇಷನ್ ಬ್ಯಾಂಕಿಗೆ ಒಂದಿಷ್ಟು ಒಪ್ಪುತ್ತದೆ ಎನ್ನೋಣ. ವಿಜಯಾ ಬ್ಯಾಂಕಿಗೆ ಒಪ್ಪುವುದೇ ಇಲ್ಲ. 2017-18ರಲ್ಲಿ 21 ಸರ್ಕಾರಿ ಬ್ಯಾಂಕುಗಳ ಪೈಕಿ ಲಾಭ ತೋರಿಸಿದವು ಎರಡೇ, ಅವುಗಳಲ್ಲಿ ವಿಜಯಾ ಒಂದು. (ಅದರ ಪ್ರಧಾನ ಕಚೇರಿ ಬಹಳ ಹಿಂದೆಯೇ ಬೆಂಗಳೂರಿಗೆ ಹೋಗಿತ್ತು ಎಂಬುದನ್ನು ಮರೆಮಾಚಬೇಕಿಲ್ಲ.) ಕೃಷಿ, ಸಣ್ಣ ಉದ್ಯಮದಂಥ ಆದ್ಯತಾ ವಲಯಕ್ಕೆ ಶೇ. 40ರಷ್ಟು ಸಾಲ ಎಂಬ ನಿಯಮವೂ ಇಲ್ಲಿ ರಕ್ಷಣೆಯಲ್ಲ. ಅದನ್ನು ಇಡೀ ಬ್ಯಾಂಕಿನ ಮಟ್ಟದಲ್ಲಿ ಅಳೆಯುತ್ತಾರೆ, ಮಲ್ಪೆ ಶಾಖೆಯ ಮಟ್ಟದಲ್ಲಲ್ಲ.

ಶಾಖೆಯಲ್ಲಿ ‘ಮೇಲಿನಿಂದ ಬರಬೇಕು’ ಎಂಬ ಉತ್ತರ ಕೇಳಿದವರು ಪಕ್ಕದ ಬೀದಿಯ ಸಹಕಾರಿ ಸಂಘದ ಮೆಟ್ಟಿಲು ಹತ್ತುತ್ತಾರೆ. ಅಲ್ಲಿ ನಿರ್ದೇಶಕರಿಗೆ ಇವರ ಮನೆ ಗೊತ್ತು, ಸಾಲ ವಾರದೊಳಗೆ ಸಿಗುತ್ತದೆ, ಬಡ್ಡಿ ಒಂದಿಷ್ಟು ಹೆಚ್ಚು. ಸಾಲದ ಜೊತೆಗೆ ಇವರ ಉಳಿತಾಯವೂ ಕ್ರಮೇಣ ಅಲ್ಲಿಗೇ ಹೋಗುತ್ತದೆ. ಬ್ಯಾಂಕಿನ ಠೇವಣಿಗಿರುವ 5 ಲಕ್ಷ ರೂಪಾಯಿಯ ವಿಮೆ ಮಾತ್ರ ಆ ಪತ್ತಿನ ಸಂಘದ ಠೇವಣಿಗೆ ಇಲ್ಲ.